ಅಂಚಿನ ಹುಲ್ಲು

ಎತ್ತರದ ಅಂಕಿಯನ್ನು ಒಂದಿಷ್ಟು ತಗ್ಗಿಸಿದ್ದೇ ತಡ, ಕಂಪ್ಯೂಟರ್ ಪರದೆಯ ಮೇಲಿನ ಬಿರುಕುಗಳೆಲ್ಲ ಮುಚ್ಚಿಕೊಂಡವು. ಅಕ್ಕ ಆ ಅಂಕಿಯನ್ನು ಮತ್ತೊಮ್ಮೆ ಓದಿದಳು.

ವಾರವಿಡೀ ಆ ಬಿರುಕುಗಳದ್ದೇ ರಗಳೆ. ಅಕ್ಕತಂಗಿಯರು ಕೂಡಿ ಮಾಡುತ್ತಿದ್ದ ವಿಡಿಯೋ ಗೇಮಿನ ಊರಿಗೆ ನೆಲವೆಂದರೆ ವಜ್ರಾಕಾರದ ಪುಟ್ಟ ಚಿತ್ರಬಿಲ್ಲೆಗಳು. ಮಹಡಿಯಿಂದ ಓರೆಯಾಗಿ ಕೆಳಗೆ ನೋಡಿದ ಹಾಗೆ ಕಾಣಬೇಕು. ಬಿಲ್ಲೆ ಬರೆಯುವುದು ತಂಗಿಯ ಕೆಲಸ, ಅಳತೆ ಕೊಟ್ಟು ಜೋಡಿಸುವುದು ಅಕ್ಕನದು. ಸ್ವಲ್ಪ ದಿನ ಕೆಲಸ ನೋಡಿ ಹೇಳುತ್ತೇವೆ ಎಂಬ ಕಂಪನಿಯ ಯಜಮಾನರ ಷರತ್ತಿನ ಮೇಲೆ ತಂಗಿಯನ್ನು ಇಲ್ಲಿಗೆ ಕರೆತಂದವಳೂ ಅಕ್ಕನೇ. ಜೋಡಿಸಿದರೆ ಬಿಲ್ಲೆಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ.

"ನನ್ನ ಬಿಲ್ಲೆ ಸರಿಯಾಗೇ ಇದೆ. ನಿನ್ನ ಅಳತೆ ಒಂದ್ಸಲ ನೋಡ್ತೀಯಾ ಅಕ್ಕ?" ಎಂದು ತಂಗಿ ಎಲ್ಲರೆದುರೇ ಕೇಳಿದ್ದಳು. ನೋಡಿದ್ದೇನೆ ಎಂದುಬಿಟ್ಟಳು ಅಕ್ಕ. ನೋಡಿರಲಿಲ್ಲ. ಇಷ್ಟು ವರ್ಷದ ಕೆಲಸದವಳು, ನಿನ್ನೆ ಮೊನ್ನೆ ಬಂದವಳ ಮಾತಿಗೆ ಅಳತೆ ತೆಗೆದು ನೋಡುವುದೇ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಜಮಾನರು ನಕ್ಕರು. ಅಕ್ಕನೂ ನಕ್ಕಳು.

ಪಾಪ, ತಂಗಿ ಎಲ್ಲವನ್ನೂ ಮೊದಲಿನಿಂದ ಬರೆದಳು. ಹಳೆಯ ಬಿಲ್ಲೆಗಳಲ್ಲಿ ಹುಲ್ಲಿನ ಎಸಳುಗಳು ಅಂಚು ದಾಟಿ ಪಕ್ಕದ ಬಿಲ್ಲೆಗೂ ಕೈ ಚಾಚುತ್ತಿದ್ದವು. ಅಂಚು ದಾಟಿದ್ದೇ ತಪ್ಪೇನೋ ಎಂದು ಹೊಸದರಲ್ಲಿ ಒಂದೆಸಳನ್ನೂ ಬಿಡಲಿಲ್ಲ, ಅಂಚೆಲ್ಲ ಬೋಳು. ಆದರೂ ಬಿರುಕು ಹೋಗದಿದ್ದಾಗ ಅಕ್ಕ ಕೊನೆಗೂ ಅಳತೆ ತೆಗೆದು ನೋಡಿದ್ದಳು. ಹಿಂದಿನ ಆಟದ ಬಿಲ್ಲೆಗಳಿಗೆ ಕೊಟ್ಟ ಎತ್ತರ ಹಾಗೇ ಉಳಿದಿತ್ತು. ಅದನ್ನು ನಕಲು ಮಾಡಿಕೊಂಡವಳು ಬದಲಾಯಿಸುವುದನ್ನೇ ಮರೆತಿದ್ದಳು.

ಅಷ್ಟರಲ್ಲಿ ಯಜಮಾನರು ಬಂದು ಬಿರುಕಿಲ್ಲದ ಪರದೆ ನೋಡಿದರು. ತಿದ್ದಿಕೊಂಡರೆ ಎಲ್ಲ ಬರುತ್ತದೆ ನೋಡು ಎಂದು ತಂಗಿಯ ಬೆನ್ನು ತಟ್ಟಿ, ಇನ್ನು ನಿನ್ನ ಕೆಲಸ ಗಟ್ಟಿ ಎಂದು ಹೇಳಿ ಹೋದರು.

"ನಂದೇ ಕೈ ಸೊಟ್ಟ ಇತ್ತು ಅಕ್ಕ," ಎಂದಳು ತಂಗಿ, ಸಣ್ಣ ದನಿಯಲ್ಲಿ. "ಸುಮ್ನೆ ನಿನ್ನ ಮೇಲೆ ಹಾಕ್ದೆ. ಬೇಜಾರು ಮಾಡ್ಕೋಬೇಡ."

ಅವಳು ಚಹಾ ತರಲು ಹೋದಳು. ತಾನು ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದೇ ಎಂದುಕೊಂಡಳು ಅಕ್ಕ. ಆದರೆ ಇನ್ನು ಮೇಲೆ ಗೆರೆ ಎಳೆಯುವಾಗಲೆಲ್ಲ ಈ ಹುಡುಗಿ ತನ್ನ ಕೈಯನ್ನೇ ಅನುಮಾನಿಸುತ್ತಾಳೆ. ಅಕ್ಕ ಹಳೆಯ ಬಿಲ್ಲೆಗಳನ್ನು ಹುಡುಕಿ ತೆಗೆದು ಆಟದ ನೆಲಕ್ಕೆ ಹಾಸಿದಳು. ಒಂದೂ ಬಿರುಕಿಲ್ಲದೆ ಕೂತವು.

ಲೋಟಗಳನ್ನು ಹಿಡಿದು ಬಂದ ತಂಗಿ ಬೆನ್ನ ಹಿಂದೆ ನಿಂತಳು.

"ಇದು ಹಳೇದಲ್ವಾ?"

"ಹೂಂ. ನಿನ್ನ ಕೈ ಸರಿಯಾಗೇ ಇತ್ತು ಕಣೆ. ನನ್ನ ಅಳತೆ ತಪ್ಪಿತ್ತು."

ತಂಗಿ ಪರದೆಯನ್ನೇ ನೋಡುತ್ತಿದ್ದಳು.

"ಅಳತೆ ನೋಡಿದ್ದೀನಿ ಅಂದಿದ್ಯಲ್ಲ," ಎಂದಳು.

ತಂಗಿ ಎರಡೂ ಲೋಟಗಳನ್ನು ಅಕ್ಕನ ಮೇಜಿನ ಮೇಲೆಯೇ ಇಟ್ಟು, ತನ್ನ ಜಾಗಕ್ಕೆ ಹೋಗಿ ಕೂತಳು. ಪರದೆಯ ತುಂಬ ಹುಲ್ಲು ಬಿಲ್ಲೆಯಿಂದ ಬಿಲ್ಲೆಗೆ ದಾಟಿಕೊಂಡು ಹೋಗಿತ್ತು.