ತಮ್ಮನ ಟಿವಿ ಸ್ಟಿಕ್

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಮ್ಮ ಬರುತ್ತಿದ್ದ. ಮೊದಲು ಚಪ್ಪಲಿ ಬಿಡುವ ಸದ್ದು, ಆಮೇಲೆ ಒಂದು ಕೆಮ್ಮು, ಅನಂತರ ಅಂಗಿಯ ಜೇಬಿನಿಂದ ಹೊರಬರುವ ಬೆರಳುದ್ದದ ಟಿವಿ ಸ್ಟಿಕ್. ಅದನ್ನು ಅಕ್ಕನ ಟಿವಿಗೆ ಸಿಕ್ಕಿಸಿ ಅವಳ ವೈಫೈಗೆ ಒಮ್ಮೆ ಜೋಡಿಸಿದರೆ, ಅವಳು ಚಂದಾ ಕಟ್ಟಿದ ಸಿನಿಮಾ, ಧಾರಾವಾಹಿಗಳು ಇನ್ನೊಂದು ತಿಂಗಳು ಅವನ ಮನೆಯಲ್ಲೂ ಓಡುತ್ತಿದ್ದವು. ಒಂದು ಖಾತೆ ಒಂದೇ ಮನೆಗೆ ಎಂದು ಕಂಪನಿ ಹಠ ಹಿಡಿದ ಮೇಲೆ ಕಂಡುಕೊಂಡ ಉಪಾಯ ಇದು. ಕೆಲಸ ಎರಡು ನಿಮಿಷದ್ದು. ತಮ್ಮ ಏಳುತ್ತಿದ್ದುದು ಊಟ ಮುಗಿಸಿ, ಮೂರು ಗಂಟೆಗೆ.

ಅದಕ್ಕೂ ಮುಂಚೆ, ಯಾವುದೋ ಬಿರುನುಡಿಗೆ ಮುನಿದು, ಇಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದರು. ಸೋದರಮಾವ ನಡುವೆ ನಿಂತು ರಾಜಿ ಮಾಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡಿದ್ದರು. ಆಗಲೂ ಅಕ್ಕ ತನ್ನ ಖಾತೆಯಿಂದ ತಮ್ಮನನ್ನು ತೆಗೆದಿರಲಿಲ್ಲ; ತಮ್ಮನೂ ನೋಡುವುದನ್ನು ಬಿಟ್ಟಿರಲಿಲ್ಲ. ಮಾವನಿಂದ ಆಗದ್ದು ಕಂಪನಿಯ ನಿಯಮದಿಂದ ಆಯಿತು.

ಈ ಭಾನುವಾರ ಮಾತ್ರ ಅಕ್ಕನ ಮನಸ್ಸು ನೆಟ್ಟಗಿರಲಿಲ್ಲ. ತಮ್ಮನ ಬೀದಿಗೆ ಹೊಸ ಇಂಟರ್ನೆಟ್ ಬಂದಿದೆ, ಅದರ ಜೊತೆ ಇದೇ ಸಿನಿಮಾ ಸೇವೆ ಪುಕ್ಕಟೆ ಎಂದು, ಅವಳು ಕೆಲಸ ಮಾಡುವ ಲ್ಯಾಬಿಗೆ ರಕ್ತಪರೀಕ್ಷೆಗೆ ಬಂದಿದ್ದ ಅವನ ನೆರೆಯವಳು ಹೇಳಿಹೋಗಿದ್ದಳು. ಪುಕ್ಕಟೆ ಸಿಕ್ಕ ಮೇಲೆ ಎರಡು ಬಸ್ಸು ಬದಲಿಸಿ ಯಾರು ಬರುತ್ತಾರೆ?

"ಏನಕ್ಕಾ, ಎರಡು ಮಹಡಿ ಮಧ್ಯೆ ಸಿಕ್ಕಾಕ್ಕೊಂಡೋರ ಥರ ನಿಂತಿದೀಯ?" ಎಂದ ತಮ್ಮ. ಅವನದು ಲಿಫ್ಟ್ ರಿಪೇರಿಯ ಕೆಲಸ.

"ನಿಮ್ ಕಡೆ ಹೊಸ ಲೈನ್ ಬಂದಿದೆಯಂತೆ?"

"ಬಂದಿದೆ. ಬೀದಿಯೆಲ್ಲ ಅಗೆದುಹಾಕಿದಾರೆ."

"ನೀನೂ ಹಾಕಿಸ್ಕೊಳೋ. ಈ ಕಡ್ಡಿ ಹೊತ್ಕೊಂಡು ಅಲೆಯೋದು ತಪ್ಪುತ್ತೆ."

"ಅಯ್ಯೋ, ಅದರ ಸಹವಾಸ ಯಾರಿಗ್ ಬೇಕು! ಅರ್ಜಿ, ಫೋಟೋ, ಪಾಸ್‌ವರ್ಡು... ನಿಂದು ಇರೋವಾಗ ನಂಗ್ಯಾಕೆ? ಜಿಪುಣಿ ಆಗ್ಬೇಡ ಕಣೇ."

ಅವನು ಸ್ಟಿಕ್ ಸಿಕ್ಕಿಸಿದ. ಅದರ ತುದಿಯಲ್ಲಿ ಪುಟ್ಟ ದೀಪ ಹೊತ್ತಿತು. "ಹ್ಞಾಂ, ಆಯ್ತು. ಇನ್ನೊಂದ್ ತಿಂಗ್ಳು ಚಿಂತೆ ಇಲ್ಲ. ಅಡುಗೆ ಏನಿವತ್ತು?" ಎನ್ನುತ್ತ ಕೈ ತೊಳೆಯಲು ಒಳಗೆ ಹೋದ.

ಅಕ್ಕ ಫೋನಿನಲ್ಲಿ ತನ್ನ ಖಾತೆ ತೆರೆದಳು. ಅನುಮಾನ ಬಂದರೆ ಪರೀಕ್ಷಿಸದೆ ಬಿಡುವುದು ಅವಳ ಜಾಯಮಾನವಲ್ಲ. ಅವನು ಎಷ್ಟು ನೋಡುತ್ತಾನೆಂದು ತಿಳಿದರೆ, ಇನ್ನೆಷ್ಟು ತಿಂಗಳು ಬಂದಾನೆಂದು ಅಂದಾಜಿಸಬಹುದು. ಖಾತೆ ಬಳಸುವ ಸಾಧನಗಳ ಪಟ್ಟಿಯಲ್ಲಿ ಮೊದಲು ಅವಳ ಟಿವಿ, ಆಮೇಲೆ ಅವಳ ಫೋನು. ಕೊನೆಯಲ್ಲಿ ತಮ್ಮನ ಸ್ಟಿಕ್. ಅದರ ಎದುರು 'ಬಳಕೆದಾರರೇ ಲಾಗ್ ಔಟ್ ಮಾಡಿದ್ದಾರೆ' ಎಂಬ ಸಾಲು, ಒಂದು ದಿನಾಂಕ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

"ಅಕ್ಕಾ, ಟವಲ್ ಎಲ್ಲಿಟ್ಟಿದೀಯೇ?"

"ಬಾಗಿಲ ಹಿಂದೆ ಕಣೋ. ಕಣ್ಣು ಬಿಟ್ಟು ನೋಡು," ಎಂದಳು.

ತಮ್ಮ ಅವಳ ಖಾತೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಆ ನಾಲ್ಕೂ ತಿಂಗಳು ಅವನು ತಪ್ಪದೆ ಬಂದಿದ್ದ.