ದೊಡ್ಡ ಬ್ಲಾಕಿನ ಕಡೆಯವಳು

ನನ್ನ ದೊಡ್ಡಪ್ಪನ ಮಗ ಸಂಜೀವಕುಮಾರನಿಗೆ ಕ್ರಿಪ್ಟೋ ಹುಚ್ಚು ಹಿಡಿಸಿದ್ದೇ ನಾನು. ನಮ್ಮದು ಸಣ್ಣ ನಾಣ್ಯ, ಬ್ಯಾಂಕಿಲ್ಲ, ಯಜಮಾನನಿಲ್ಲ. ಅಲ್ಲಲ್ಲಿ ಮನೆಗಳಲ್ಲಿರುವ ಕಂಪ್ಯೂಟರುಗಳೇ ಕೂಡಿ ಲೆಕ್ಕ ನೋಡಿಕೊಳ್ಳುತ್ತವೆ. ಆಗಾಗ ಹೊಸ ವ್ಯವಹಾರಗಳ ಒಂದು ಕಟ್ಟು, ಅಂದರೆ ಬ್ಲಾಕು, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಹೋಗುತ್ತದೆ. ಅದನ್ನು ತಪ್ಪದೆ ಇಳಿಸಿಕೊಳ್ಳುವವರಿಗೆ ಮಾತ್ರ ನಾಣ್ಯದ ನಿಯಮಗಳ ಮೇಲೆ ಮತ. ಹಿಂದೆ ಬಿದ್ದವರು ಫೋನಿನಲ್ಲಿರುವ ನಮ್ಮ ಗುಂಪಿನಲ್ಲಿ ಬರೆಯಬಹುದು, ಮತ ಹಾಕುವಂತಿಲ್ಲ. ಜೊಯಿಡಾದ ನನ್ನ ಬಾಡಿಗೆ ಕೋಣೆಯಲ್ಲೂ ಅಂಥದೊಂದು ಕಂಪ್ಯೂಟರಿತ್ತು. ಕಚೇರಿಯಲ್ಲಿ ಹೇಳಿದ್ದನ್ನು ಟೈಪು ಮಾಡುವ ನನಗೆ ಎಲ್ಲಾದರೂ ಸ್ವಂತದ್ದೊಂದು ಮಾತಿದ್ದರೆ ಅದು ಆ ಮತವೊಂದೇ.

ವ್ಯವಹಾರ ಹೆಚ್ಚಾಗಿ ಜಾಗ ಸಾಲದಾದಾಗ, ಬ್ಲಾಕು ದೊಡ್ಡದು ಮಾಡಬೇಕೆಂದು ಅಣ್ಣ ಹಟ ಹಿಡಿದ. ಹಳಿಯಾಳದ ಅವನ ಮನೆಗೆ ಫೈಬರ್ ಕೇಬಲ್ಲಿನ ವೇಗದ ಇಂಟರ್ನೆಟ್ ಬಂದಿತ್ತು. ನನ್ನದು ಕಾಡಿನಂಚಿನ ಟವರಿನ ಬಡ ಸಿಗ್ನಲ್. ಅಷ್ಟು ಭಾರ ತಾಳುವುದಿಲ್ಲ ಎಂದು ಬೇಡಿಕೊಂಡೆ. ಅವನು ಎಲ್ಲರೆದುರು ಗುಂಪಿನಲ್ಲಿ ಬರೆದ: "ಜೊಯಿಡಾದ ಒಂದ ಕಂಪ್ಯೂಟರ್ ಸಲುವಾಗಿ ಎಲ್ಲಾರೂ ಕಾಯ್ಕೋತ ಕುಂದರಬೇಕೇನ?" ಎಲ್ಲರೂ ನಕ್ಕರು. ಬ್ಲಾಕು ದೊಡ್ಡದಾಯಿತು, ನಾನು ಹೊರಗೆ ಬಿದ್ದೆ. ಕಲಿಸಿದವಳಿಗೇ ಬಾಗಿಲು ತೋರಿಸಿದನಲ್ಲ ಎಂದು ಮೈಯೆಲ್ಲ ಉರಿಯಿತು. ಇವನನ್ನು ಸುಮ್ಮನೆ ಬಿಡಬಾರದು ಅನ್ನಿಸಿತು.

ಆದರೆ ಜಗಳಾಡಲಿಲ್ಲ. ಅವನ ಕಡೆಯವಳೇ ಆಗಿಬಿಟ್ಟೆ. ಬ್ಲಾಕು ಇನ್ನೂ ದೊಡ್ಡದಾಗಬೇಕು, ಹೊರಗೆ ಬಿದ್ದ ನಾನೇ ಹೇಳುತ್ತಿದ್ದೇನೆ ಎಂದು ಬರೆದೆ. ಸ್ವಂತ ನಷ್ಟ ಮರೆತು ಮಾತಾಡುವ ಹೆಂಗಸೆಂದು ಜನ ತಲೆದೂಗಿದರು. ಅಣ್ಣನಿಗಂತೂ ಹಿಗ್ಗೋ ಹಿಗ್ಗು. "ಈಗ ಬುದ್ಧಿ ಬಂತ ನೋಡ ನಿನಗ," ಎಂದ. ಬದಲಾವಣೆ ದೀಪಾವಳಿ ಕಳೆದ ಮೇಲೆ ಆಗಲಿ ಎಂದೂ ನಾನೇ ಸೂಚಿಸಿದೆ. ಅದಕ್ಕೂ ಒಪ್ಪಿದ, ಪೆದ್ದ.

ಹಳಿಯಾಳದಲ್ಲಿ ಹುಟ್ಟಿ ಬೆಳೆದವನಿಗೆ ಅದರ ಮರ್ಮ ಹೊಳೆಯಬೇಕಿತ್ತು. ಆ ಹೊತ್ತಿಗೆ ಕಬ್ಬು ಅರೆಯುವುದು ಶುರುವಾಗಿರುತ್ತದೆ. ಒಂದೇ ಟ್ರಿಪ್ಪಿನಲ್ಲಿ ಮುಗಿಯಲೆಂದು ಟ್ರೇಲರಿನ ಮೇಲೆ ಕಬ್ಬನ್ನು ಮಿತಿಮೀರಿ ಎತ್ತರಕ್ಕೆ ಹೇರುತ್ತಾರೆ. ರಸ್ತೆಗೆ ಅಡ್ಡಲಾಗಿ ಇಳಿಬಿದ್ದ ಫೈಬರ್ ಕೇಬಲ್ಲುಗಳನ್ನು ಹರಿದುಕೊಂಡು ಹೋಗುತ್ತಾರೆ. ಬ್ಲಾಕು ಸಣ್ಣದಿದ್ದಾಗ ಲೈನು ಹೋಗಿ ಬಂದರೂ ಅವನ ಕಂಪ್ಯೂಟರು ಬಾಕಿಯನ್ನೆಲ್ಲ ಬೇಗ ಇಳಿಸಿಕೊಳ್ಳುತ್ತಿತ್ತು. ದೀಪಾವಳಿ ಕಳೆದು ಬ್ಲಾಕು ಇನ್ನೂ ದೊಡ್ಡದಾದ ಮೇಲೆ, ಬಾಕಿ ತೀರುವ ಮೊದಲೇ ಕೇಬಲ್ಲು ಮತ್ತೆ ಹರಿಯುತ್ತಿತ್ತು.

ಅಣ್ಣ ಫೋನು ಮಾಡಿದ. ದನಿಯಲ್ಲಿ ಸೊಕ್ಕಿರಲಿಲ್ಲ.

"ಇವತ್ತ ಮತ್ತ ಲೈನ್ ಹರೀತವ್ವಾ. ನಮ್ಮ ಮನಿ ಟ್ರ್ಯಾಕ್ಟರನ ಹರದೈತಿ."

"ಕಬ್ಬ ಯಾರ ಹೇರಿಸಿದ್ರಣ್ಣಾ?"

"ನಾನ ನಿಂತ ಹೇರಿಸಿದ್ನಿ. ನಿರ್ಮಲಾ, ನನ್ನ ಕಂಪ್ಯೂಟರ್ ಹೊರಗ ಬೀಳಾಕತ್ತೈತಿ. ಗುಂಪಿನ್ಯಾಗ ಈಗ ನಿನ್ನ ಮಾತ ನಡೀತೈತಿ. ಮೊದಲಿನ ಸಣ್ಣ ಬ್ಲಾಕಿಗೆ ಹೊಳ್ಳಿ ಹೋಗೂಣು ಅಂತ ಒಂದ ಮಾತ ಹೇಳ. ನೀನೂ ಒಳಗ ಬರ್ತಿ, ನಾನೂ ಉಳೀತೇನಿ."

ಅವನು ಹೇಳಿದ್ದು ನಿಜ. ನಾನು ಹೇಳಿದರೆ ಜನ ಕೇಳುತ್ತಿದ್ದರು. ನನ್ನ ಮತ ನನಗೆ ಮರಳುತ್ತಿತ್ತು.

"ಆಗೂದಿಲ್ಲಣ್ಣಾ," ಎಂದೆ. "ನಾ ದೊಡ್ಡ ಬ್ಲಾಕಿನ ಕಡೆ."

ಅವನು ಇನ್ನೂ ಏನೇನೋ ಹೇಳುತ್ತಲೇ ಇದ್ದ. ಒಂದೊಂದು ಮಾತನ್ನೂ ಆನಂದದಿಂದ ಕೇಳುತ್ತ, ನನ್ನ ಕಂಪ್ಯೂಟರಿನ ವೈರುಗಳನ್ನು ಕಿತ್ತು ಅದನ್ನು ಮಂಚದ ಕೆಳಗೆ ತಳ್ಳಿದೆ. ಇನ್ನು ಅದರಿಂದ ನನಗೆ ಆಗಬೇಕಾದ್ದೇನೂ ಇರಲಿಲ್ಲ.