ಗಂಡನನ್ನು ಹಾಡಿ ಕಳಿಸುವುದು

ಸತ್ತವರಿಗಾಗಿ ಹಾಡಿ ಅಳುವುದರಲ್ಲಿ ಬುರುಲಳನ್ನು ಮೀರಿಸುವವರು ನರಿನ್ ಕಣಿವೆಯಲ್ಲೇ ಇರಲಿಲ್ಲ. ಅವಳು ಬಾಯಿ ತೆರೆದರೆ ಸತ್ತವನ ಹಗೆಯೂ ಕಣ್ಣೊರೆಸಿಕೊಳ್ಳುತ್ತಿದ್ದ. ಈಗ ಸತ್ತಿರುವುದು ಅವಳ ಸ್ವಂತ ಗಂಡ ಎಸೆನ್. ಅವಳಿಗೋ, ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರಿಲ್ಲ. ಶ್ವಾಸಕೋಶ ಒಳಗೊಳಗೇ ನಾರುಗಟ್ಟಿ ಒಣ ಚಕ್ಕಳದಂತಾಗಿದೆ. ಮೂಗಿಗೆ ಸಿಕ್ಕಿಸಿದ ನಳಿಕೆ, ಅದರ ತುದಿಗೊಂದು ಆಕ್ಸಿಜನ್ ಮಷೀನು. ಅವಳು ಬದುಕಿರುವುದೇ ಅದರ ದಯೆಯಿಂದ. ಗಟ್ಟಿಮುಟ್ಟಾಗಿದ್ದ ಎಸೆನ್ ಮೊನ್ನೆ ಕುದುರೆಗೆ ನೀರು ಕುಡಿಸುತ್ತಿದ್ದವನು ಅಲ್ಲೇ ಕುಸಿದುಬಿದ್ದ. ಹೋಗಬೇಕಾದವಳು ಉಳಿದಳು, ಉಳಿಯಬೇಕಾದವನು ಹೋದ. ದೇವರ ನ್ಯಾಯ ದೇವರಿಗೇ ಅರ್ಥವಾಗಬೇಕು.

ಅಂಗಳದಲ್ಲಿ ಕಂಬಳಿ ಗುಡಾರ ಹಾಕಿ ಹೆಣವನ್ನು ಪರದೆಯ ಹಿಂದೆ ಮಲಗಿಸಿದ್ದರು. ಹೆಣವಿದ್ದಲ್ಲಿ ಒಲೆ ಹಚ್ಚುವಂತಿಲ್ಲ. ಒಳಗೂ ಕೊರೆವ ಚಳಿ. ಬುರುಲ್ ಕಪ್ಪು ಬಟ್ಟೆ ತೊಟ್ಟು, ಉಳಿದ ಹೆಂಗಸರೊಂದಿಗೆ ಗುಡಾರದ ಗೋಡೆಗೆ ಮುಖಮಾಡಿ ಕೂತಿದ್ದಳು. ಸೊಸೆ ಮೀರಿಮ್ ಮನೆಯ ಕಿಟಕಿಯಿಂದ ವೈರು ಎಳೆದು, ಮಷೀನನ್ನು ಅತ್ತೆಯ ಬೆನ್ನ ಹಿಂದೆ ತಂದಿಟ್ಟಿದ್ದಳು.

"ಹೆಣದ ಪಕ್ಕದಲ್ಲಿ ಇದೇನೇ ಗೊರಗೊರ! ಬಂದವರು ಏನಂದ್ಕೊಂಡಾರು?" ಎನ್ನುತ್ತ ಎಸೆನನ ಅಕ್ಕ ಅಜಾರ್ ಅದರ ಮೇಲೊಂದು ದಪ್ಪ ಕೌದಿ ಹೊದಿಸಿದಳು.

"ದೊಡ್ಡತ್ತೆ, ಅದಕ್ಕೂ ಗಾಳಿ ಆಡ್ಬೇಕು," ಎಂದಳು ಮೀರಿಮ್.

"ನನ್ ತಮ್ಮಂಗೆ ಯಾವ ಗಾಳಿ ಆಡ್ತಿದೆ ಈಗ? ಹೋಗು, ಬಂದವರಿಗೆ ಚಹಾ ನೋಡು."

ಸೊಸೆ ಚಹಾ ನೋಡಲು ಹೋದಳು. ಹಿರಿಯರಿಗೆ ಎದುರಾಡುವ ದಿನವಲ್ಲ ಅದು.

ಹೊಸ ಗುಂಪು 'ಅಯ್ಯೋ ನನ್ನಣ್ಣಾ!' ಎಂದು ಗೋಳಿಡುತ್ತ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ಒಳಗಿನ ಹೆಂಗಸರು ಹೊಸದಾಗಿ ಹಾಡಿ ಅಳಬೇಕು. ಹೆಂಡತಿಯ ದನಿ ಎಲ್ಲರಿಗಿಂತ ಮೇಲೆ ಕೇಳಬೇಕು. ಎಸೆನ್ ಊರಿಗೆಲ್ಲ ಬೇಕಾದವನಾಗಿದ್ದ. ಅದೇ ಈಗ ಅವಳ ಕುತ್ತಿಗೆಗೆ ಬಂದಿತ್ತು. ಬೆಳಗಿನಿಂದ ಗುಂಪಿನ ಮೇಲೆ ಗುಂಪು. ಬುರುಲ್ ಬರೀ ತುಟಿ ಆಡಿಸುತ್ತಿದ್ದಳು. ಹೆಂಗಸರು ಗೋರಿಯವರೆಗೆ ಹೋಗುವಂತಿಲ್ಲ. ಹೆಣ ಎತ್ತುವಾಗ ಹಾಡಿ ಕಳಿಸುವುದೊಂದೇ ಅವಳ ಪಾಲಿಗೆ ಉಳಿದದ್ದು. ಆ ಒಂದು ಹಾಡಿಗಾಗಿ ಉಸಿರು ಕೂಡಿಡುತ್ತಿದ್ದಳು.

"ಕಂಡೋರ ಹೆಣಕ್ಕೆಲ್ಲ ಗಂಟಲು ಹರ್ಕೊಂಡೆ," ಅಜಾರ್ ಕಿವಿಯಲ್ಲಿ ಚುಚ್ಚಿದಳು. "ನನ್ ತಮ್ಮಂಗೆ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ."

"ಎತ್ತುವಾಗ... ಹಾಡ್ತೀನಿ, ಅಕ್ಕ."

ಪಕ್ಕದೂರಿನ ದೊಡ್ಡ ಗುಂಪು ಬಂದಾಗಲೇ ಕರೆಂಟು ಹೋದದ್ದು. ಹಾಡಹಗಲು, ಯಾರಿಗೂ ತಿಳಿಯಲಿಲ್ಲ. ಕೌದಿಯೊಳಗೆ ಮಷೀನು ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ಹೊರಗೆ ಗಂಡಸರ ಗೋಳು, ಒಳಗೆ ಹೆಂಗಸರ ಗೋಳು. ಅದರ ಗೋಳು ಕೇಳುವವರು ಯಾರು?

ಬುರುಲಳಿಗೆ ಗೊತ್ತಾಯಿತು. ನಳಿಕೆಯಲ್ಲಿ ಗಾಳಿಯಿಲ್ಲ. ಎದೆ ಏಳುತ್ತಿದೆ, ಬೀಳುತ್ತಿದೆ, ಒಳಗೆ ಏನೂ ಬರುತ್ತಿಲ್ಲ. ಮಾತು ಹೊರಡಲಿಲ್ಲ. ನಳಿಕೆ ತೋರಿಸಲೆಂದು ಎರಡೂ ಕೈ ಮುಖಕ್ಕೆ ಎತ್ತಿದಳು.

ಗಂಡ ಸತ್ತ ಹೆಂಗಸು ಕೈಗಳನ್ನು ಮುಖಕ್ಕೆ ಒಯ್ದರೆ ಆ ಊರಿನಲ್ಲಿ ಅರ್ಥ ಒಂದೇ. ಹಿಂದೆ ವಿಧವೆಯರು ಕೆನ್ನೆಯಿಂದ ನೆತ್ತರು ಬರುವಂತೆ ಪರಚಿಕೊಳ್ಳುತ್ತಿದ್ದರು. ಅಜಾರ್ ತಟ್ಟನೆ ಅವಳ ಮಣಿಕಟ್ಟುಗಳನ್ನು ಹಿಡಿದಳು.

"ಬೇಡ ಕಣೇ, ಮುಖ ಪರಚ್ಕೋಬೇಡ! ಮಕ್ಕಳಿರೋಳು ನೀನು!" ಅವಳ ದನಿಯಲ್ಲಿ ಮೊದಲ ಸಲ ಕರುಣೆಯಿತ್ತು. "ಹಿಡ್ಕೊಳ್ರೇ ಇವಳನ್ನ. ಅಳು ತಾಯಿ, ಬಾಯಿಬಿಟ್ಟು ಅಳು!"

ಇನ್ನಿಬ್ಬರು ಭುಜ ಹಿಡಿದರು. ಅವಳು ಕೊಸರಿದಷ್ಟೂ ಹಿಡಿತ ಬಿಗಿಯಾಯಿತು. "ಪಾಪ, ಎಂಥಾ ಸಂಕಟ ನೋಡ್ರೇ," ಎಂದು ಒಬ್ಬಳು ಬೆನ್ನು ಸವರಿದಳು. ಅಕ್ಕರೆಯಿಂದಲೇ ಅವಳನ್ನು ಕೊಲ್ಲುತ್ತಿದ್ದರು. ಬುರುಲಳ ಕಣ್ಣು ಕತ್ತಲಿಟ್ಟಿತು. ಗಂಡ, ಹಾಡು, ಮಾನ, ಎಲ್ಲ ಮರೆತುಹೋದವು. ಬಗ್ಗಿ ಅಜಾರಳ ಕೈಯನ್ನು ಇದ್ದ ಬಲವೆಲ್ಲ ಹಾಕಿ ಕಚ್ಚಿದಳು.

ಅಜಾರ್ ಕಿಟಾರನೆ ಕಿರುಚಿದಳು. ಗುಡಾರವೆಲ್ಲ ಗಪ್‌ಚಿಪ್ಪಾಯಿತು. ಆಗ ಕೇಳಿಸಿತು, ಕುಂಯ್ ಕುಂಯ್.

"ಅತ್ತೇ!" ಕರೆಂಟು ಹೋದರೆ ಇರಲೆಂದು ಮನೆಯಲ್ಲಿಟ್ಟಿದ್ದ ಚಿಕ್ಕ ಆಕ್ಸಿಜನ್ ಸಿಲಿಂಡರನ್ನು ಮೀರಿಮ್ ಹೊತ್ತು ಓಡಿಬಂದು ನಳಿಕೆ ಬದಲಿಸಿದಳು. ಗಾಳಿ ಬಂತು.

"ಅಯ್ಯೋ, ನನಗೆ ಗೊತ್ತಾಗ್ಲಿಲ್ವಲ್ಲೇ," ಅಜಾರ್ ಮಷೀನಿನ ಮೇಲಿನ ಕೌದಿ ಕಿತ್ತೆಸೆದಳು. "ಈ ಸಿಲಿಂಡರು ಎಷ್ಟು ಹೊತ್ತು ಬರುತ್ತೆ?"

"ಸುಮ್ನೆ ಕೂತ್ರೆ ಕರೆಂಟು ಬರೋತನಕ ಸಾಕಾಗಬಹುದು. ಹಾಡಿದ್ರೆ ನನಗೆ ಗೊತ್ತಿಲ್ಲ, ದೊಡ್ಡತ್ತೆ."

ಅಷ್ಟರಲ್ಲಿ ಗಂಡಸರು ಒಳಬಂದು ಪರದೆ ಸರಿಸಿದರು. ಎಸೆನನನ್ನು ಎತ್ತಿದರು. ಹೆಂಗಸರೆಲ್ಲ ಬುರುಲಳತ್ತ ನೋಡಿದರು. ಮೊದಲ ದನಿ ಅವಳದೇ ಆಗಬೇಕು.

"ಒಂದೇ ಸಾಲು ಕಣೇ," ಅಜಾರ್ ಅಂಗಲಾಚಿದಳು. "ಅಳೋರಿಲ್ಲದವನ ಹಾಗೆ ಕಳಿಸ್ಬೇಡ ಅವನನ್ನ."

ಹಾಡು ಅವಳ ನಾಲಗೆಯ ತುದಿಯಲ್ಲೇ ಇತ್ತು. ಬುರುಲ್ ಬೇಡವೆಂದು ತಲೆಯಲ್ಲಾಡಿಸಿ, ತುಟಿ ಬಿಗಿದು, ಮೂಗಿನಿಂದ ಗಾಳಿ ಎಳೆದುಕೊಂಡಳು. ಬಿಟ್ಟಳು, ಮತ್ತೆ ಎಳೆದುಕೊಂಡಳು. ನಾಚಿಕೆಯಿಂದ ಮೈಯೆಲ್ಲ ಸುಡುತ್ತಿತ್ತು. ಆದರೂ ಅವಳಿಗೆ ಬದುಕಬೇಕಿತ್ತು. ಹೆಂಡತಿಯ ದನಿಯಿಲ್ಲದೆಯೇ ಎಸೆನ್ ಬಾಗಿಲು ದಾಟಿ ಹೋದ.